ಬಾಯಿ ಚಪಲದಲ್ಲೂ ಗಂಡು-ಹೆಣ್ಣು ಅಂತ ಇದೆಯಾ?

ಹುಣಸೆತೋಪು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈಗ ಇದೇ ವಾದ. ಹೆಂಗಸರಿಗೆ ಸಿಹಿ, ಹುಳಿ, ಚಾಕೊಲೇಟ್ ಮೇಲೆ ಆಸೆ. ಗಂಡಸರಿಗೆ ಖಾರ, ಕರಿದದ್ದು, ಮಾಂಸದ ಮೇಲೆ ಆಸೆ. ಇದೆಲ್ಲ ಹಾರ್ಮೋನ್ ಕೆಲಸ ಅಂತ ಕೆಲವರು. ಬೆಳೆದ ಮನೆಯ ರೂಢಿ ಅಷ್ಟೇ ಅಂತ ಇನ್ನು ಕೆಲವರು.

ನನ್ನದು ಹೇಳುತ್ತೇನೆ. ಮುಟ್ಟಿಗೆ ಮುಂಚಿನ ವಾರ ಏನಾದರೂ ಸಿಹಿ ಬಾಯಿಗೆ ಬೀಳಲೇಬೇಕು. ಏನೂ ಇಲ್ಲದಿದ್ದರೆ ಬೆಲ್ಲದ ಡಬ್ಬಿ ಇದ್ದೇ ಇದೆ. ನಮ್ಮ ಯಜಮಾನರಿಗೆ ಸಂಜೆ ಆಯ್ತು ಅಂದರೆ ಮೆಣಸಿನಕಾಯಿ ಬಜ್ಜಿ ನೆನಪಾಗುತ್ತದೆ. ಇಷ್ಟು ನೋಡಿದರೆ ಮೊದಲನೆಯವರ ಮಾತೇ ಸರಿ ಅನ್ನಿಸುತ್ತದೆ. ಆದರೆ ನನ್ನ ತಮ್ಮ ಮೈಸೂರು ಪಾಕಿನ ಡಬ್ಬಿ ಖಾಲಿ ಮಾಡದೆ ಏಳುವುದಿಲ್ಲ. ನಮ್ಮ ಅತ್ತೆ ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದಿಕೊಂಡು ಮುದ್ದೆ ಜೊತೆ ತಿನ್ನುತ್ತಾರೆ. ಹಾಗಾದರೆ ಯಾವುದು ನಿಜ? ನಿಮ್ಮ ಮನೆಯಲ್ಲಿ ನೋಡಿದ್ದು, ಎಲ್ಲಾದರೂ ಓದಿದ್ದು, ಎಲ್ಲ ಬರೆಯಿರಿ.

ರಾತ್ರಿಪಾಳಿ, ಬೆಂಗಳೂರು

ಗಂಡಸರಿಗೆ ಸಿಹಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ರಾತ್ರಿ ಶಿಫ್ಟಿನವನು. ಬೆಳಗಿನ ಜಾವ ಮೂರು ಗಂಟೆಗೆ ನಮ್ಮ ಫ್ಲೋರಿನ ಗಂಡಸರೆಲ್ಲ ಹುಡುಕುವುದು ಕ್ರೀಮ್ ಬಿಸ್ಕತ್ತು, ದಿಲ್‌ಪಸಂದ್, ಚಿಪ್ಸ್. ಹಗಲು ಕೆಲಸ ಇದ್ದಾಗ ಇವನ್ನು ತಿರುಗಿಯೂ ನೋಡುತ್ತಿರಲಿಲ್ಲ.

ಇದಕ್ಕೂ ನಿದ್ದೆಗೂ ಸಂಬಂಧ ಇದೆ. 2004ರಲ್ಲಿ ಷಿಕಾಗೋದಲ್ಲಿ 12 ಜನ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಬಿಟ್ಟು ನೋಡಿದರು. ಹೊಟ್ಟೆ ತುಂಬಿತು ಅಂತ ತಿಳಿಸುವ ಲೆಪ್ಟಿನ್ 18% ಇಳಿಯಿತು. ಹಸಿವು ಎಬ್ಬಿಸುವ ಗ್ರೆಲಿನ್ 28% ಏರಿತು. ಸಿಹಿ, ಉಪ್ಪು, ಪಿಷ್ಟ ಇರುವ ತಿಂಡಿಗಳ ಮೇಲಿನ ಆಸೆ ಎದ್ದು ಕಾಣುವಷ್ಟು ಜಾಸ್ತಿ ಆಯಿತು. ಹನ್ನೆರಡೂ ಜನ ಗಂಡಸರೇ. ನಿದ್ದೆ ಕೆಟ್ಟರೆ ಗಂಡಸಿನ ನಾಲಿಗೆಯೂ ಸಿಹಿ ಕೇಳುತ್ತದೆ.

ಓದುಗಿತ್ತಿ, ಧಾರವಾಡ

ಒಳ್ಳೆಯ ಪ್ರಶ್ನೆ. ಈ ವಿಷಯದ ಮೇಲೆ ಓದಿದ್ದನ್ನು ಹಂಚಿಕೊಳ್ಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎಲ್ಲರೂ ಎತ್ತಿ ಹೇಳುವ ಅಂಕಿ 1991ರದ್ದು. ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಹುಡುಗಿಯರಲ್ಲಿ 97%, ಹುಡುಗರಲ್ಲಿ 68% ಮಂದಿ ತಮಗೆ ತಡೆಯಲಾಗದ ಆಸೆ ಬರುತ್ತದೆ ಅಂದರು. ಹುಡುಗಿಯರು ಹೆಸರಿಸಿದ್ದರಲ್ಲಿ ಚಾಕೊಲೇಟ್ ಮುಂದಿತ್ತು. ಈ ಅಧ್ಯಯನ ನಡೆದದ್ದು ಉತ್ತರ ಅಮೆರಿಕದಲ್ಲಿ. ಅಲ್ಲಿನ ಅಂಕಿಯನ್ನು ಹಿಡಿದುಕೊಂಡು ಇಡೀ ಜಗತ್ತಿನ ಹೆಂಗಸರ ಬಗ್ಗೆ ಮಾತಾಡಿಬಿಟ್ಟರು.

ಆಮೇಲೆ ಬೇರೆ ದೇಶಗಳಲ್ಲಿ ಕೇಳಿದಾಗ ಚಿತ್ರ ಬದಲಾಯಿತು. ಸ್ಪೇನಿನಲ್ಲಿ ಚಾಕೊಲೇಟ್ ಆಸೆಯಲ್ಲಿ ಗಂಡು-ಹೆಣ್ಣಿನ ಅಂತರ ಅಮೆರಿಕದಷ್ಟು ಇರಲಿಲ್ಲ. ಈಜಿಪ್ಟಿನಲ್ಲಿ ಗಂಡಸರೂ ಹೆಂಗಸರೂ ಖಾರ-ಉಪ್ಪಿನ ಅಡುಗೆಯನ್ನೇ ಹೆಚ್ಚಾಗಿ ಹೇಳಿದರು, ಚಾಕೊಲೇಟ್ ಹೇಳಿದವರು ಕಡಿಮೆ. ಜಪಾನಿನ ಯುವತಿಯರನ್ನು ಕೇಳಿದರೆ ಅವರ ಬಾಯಲ್ಲಿ ಬಂದದ್ದು ಅನ್ನ ಮತ್ತು ಸುಶಿ. ಹಾರ್ಮೋನ್ ಎಲ್ಲ ದೇಶದಲ್ಲೂ ಒಂದೇ ಅಲ್ವಾ? ಅದೇ ಕೋಕೋ ಬೇಡುತ್ತಿದ್ದರೆ ಕೈರೋದಲ್ಲೂ ಬೇಡಬೇಕಿತ್ತು.

ನನಗೆ ಬಹಳ ಹಿಡಿಸಿದ್ದು 2017ರ ಇನ್ನೊಂದು ಅಧ್ಯಯನ. ಅಮೆರಿಕದ ಕಾಲೇಜು ಹುಡುಗಿಯರಿಗೆ ಮುಟ್ಟಿನ ಸಮಯದಲ್ಲಿ ಚಾಕೊಲೇಟ್ ಬೇಕು ಅನ್ನಿಸುತ್ತದಾ ಅಂತ ಕೇಳಿದರು. ಬೇರೆ ದೇಶದಲ್ಲಿ ಹುಟ್ಟಿ ಅಲ್ಲಿಗೆ ಹೋದವರಲ್ಲಿ ಸುಮಾರು 17% ಮಂದಿ ಹೌದು ಅಂದರು. ಅಪ್ಪ-ಅಮ್ಮನೂ ಅಮೆರಿಕದಲ್ಲೇ ಹುಟ್ಟಿದ ಹುಡುಗಿಯರಲ್ಲಿ ಸುಮಾರು 33%. ವಲಸೆ ಹೋದವರಿಗೆ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು 41%. ಅಂದರೆ ಅಲ್ಲಿಯ ಗಾಳಿ ನೀರು ಕುಡಿದ ಮೇಲೆ ಈ ಆಸೆ ಹತ್ತುತ್ತದೆ.

ಹುಣಸೆತೋಪು, ಮೈಸೂರು

ಓದುಗಿತ್ತಿ ಅವರೇ, ಹಾಗಾದರೆ ಮುಟ್ಟಿಗೆ ಮುಂಚೆ ನನಗಾಗುವ ಹಸಿವು ಬರೀ ಭ್ರಮೆಯಾ? ಆ ವಾರ ನಿಜವಾಗಿಯೂ ತಡೆಯಲಾಗುವುದಿಲ್ಲ.

ಓದುಗಿತ್ತಿ, ಧಾರವಾಡ

ಖಂಡಿತ ಅಲ್ಲ. ಮುಟ್ಟಿಗೆ ಮುಂಚಿನ ಎರಡು ವಾರ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿರುತ್ತದೆ. ಸುಮ್ನೆ ಕೂತಿದ್ದರೂ ಮೈ ಸ್ವಲ್ಪ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ತಿನ್ನುವುದೂ ಜಾಸ್ತಿ ಆಗುತ್ತದೆ ಅಂತ ಅನೇಕ ಅಧ್ಯಯನಗಳು ತೋರಿಸಿವೆ. ಹಸಿವು ಮೈಯದು. ಆ ಹಸಿವಿಗೆ ಕೈ ಯಾವ ಡಬ್ಬಿಗೆ ಹೋಗುತ್ತದೆ ಅನ್ನುವುದು ಬೆಳೆದ ಮನೆಯದು. ನಿಮಗೆ ಬೆಲ್ಲ ಬೇಕು, ಷಿಕಾಗೋದವಳಿಗೆ ಚಾಕೊಲೇಟ್ ಬೇಕು.

ಇನ್ನೊಂದು ಮಾತು. ಮುಟ್ಟು ನಿಂತ ಅಮೆರಿಕದ ಹೆಂಗಸರನ್ನೂ ಕೇಳಿದ್ದಾರೆ. ಹಾರ್ಮೋನ್ ಒಂದೇ ಕಾರಣ ಆಗಿದ್ದರೆ ಚಾಕೊಲೇಟ್ ಆಸೆ ದಡಕ್ಕನೆ ಇಳಿಯಬೇಕಿತ್ತು. ಇಳಿದದ್ದು ಸ್ವಲ್ಪ ಮಾತ್ರ.

ಜಿಮ್ ಹುಡುಗ, ತುಮಕೂರು

ಆದರೆ ಗಂಡಸರಿಗೆ ಕಂಟ್ರೋಲ್ ಜಾಸ್ತಿ ಅಂತ ಮಿದುಳಿನ ಸ್ಕ್ಯಾನ್‌ನಲ್ಲೇ ಗೊತ್ತಾಗಿದೆಯಲ್ಲ? ಎಲ್ಲೋ ಓದಿದ ನೆನಪು.

ಓದುಗಿತ್ತಿ, ಧಾರವಾಡ

ನೀವು ಹೇಳುತ್ತಿರುವುದು 2009ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಪ್ರಕಟಿಸಿದ್ದು. ಉಪವಾಸ ಇಟ್ಟು, ಇಷ್ಟದ ತಿಂಡಿ ಎದುರಿಗಿಟ್ಟು, ಆಸೆ ಅದುಮಿಕೊಳ್ಳಿ ಅಂದರು. ಗಂಡಸರ ಮಿದುಳಿನಲ್ಲಿ ಹಸಿವಿಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ಇಳಿಯಿತು, ಹೆಂಗಸರಲ್ಲಿ ಇಳಿಯಲಿಲ್ಲ. ಫಲಿತಾಂಶ ಕುತೂಹಲದ್ದೇ. ಆದರೆ ಅದರಲ್ಲಿ ಇದ್ದವರು 13 ಹೆಂಗಸರು, 10 ಗಂಡಸರು, ಅಷ್ಟೇ. ಇಪ್ಪತ್ತಮೂರು ಜನರನ್ನು ಇಟ್ಟುಕೊಂಡು ಕೋಟಿಗಟ್ಟಲೆ ಹೆಂಗಸರಿಗೆ ಮನಸ್ಸಿನ ಹಿಡಿತ ಇಲ್ಲ ಅನ್ನಬಾರದು ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಸೋಮವಾರ, ಶನಿವಾರ, ಸಂಕಷ್ಟಿ ಅಂತ ಒಪ್ಪತ್ತು ಮಾಡಿಕೊಂಡೇ ಇಡೀ ಮನೆಗೆ ಹೋಳಿಗೆ ಮಾಡಿ ಬಡಿಸುವವರು ಯಾರು, ಯೋಚಿಸಿ.

ಒಲೆಮುಂದೆ, ಹಾಸನ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನ್ನಿಸಿತು. ಅಂಕಿಗಳೆಲ್ಲ ಸರಿ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಆಸೆ ಬಂದಾಗ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ?

ಗಂಡಸಿಗೆ ನಾಲ್ಕು ಗಂಟೆಗೆ ಮಸಾಲೆ ದೋಸೆ ತಿನ್ನಬೇಕು ಅನ್ನಿಸಿತು ಅಂತಿಟ್ಟುಕೊಳ್ಳಿ. ದಾರಿಯಲ್ಲೇ ಹೋಟೆಲ್ ಇದೆ. ತಿಂದು, ಬೈ-ಟು ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಾನೆ. ಅಲ್ಲಿಗೆ ಮುಗಿಯಿತು. ಸಂಜೆ ಯಾರಾದರೂ ನಿನಗೆ ತಿನ್ನುವ ಆಸೆ ಬರುತ್ತದಾ ಅಂತ ಕೇಳಿದರೆ ಅಂಥದ್ದೇನೂ ಇಲ್ಲ ಅನ್ನುತ್ತಾನೆ. ಸುಳ್ಳಲ್ಲ, ಅವನಿಗೆ ನೆನಪೇ ಇರುವುದಿಲ್ಲ. ಅದೇ ಆಸೆ ಮನೆಯಲ್ಲಿರುವ ಹೆಂಗಸಿಗೆ ಬಂದರೆ ನೆನೆಹಾಕಬೇಕು, ರುಬ್ಬಬೇಕು, ಹುದುಗು ಬರಬೇಕು, ಪಲ್ಯ ಮಾಡಬೇಕು. ಮಾಡಿದ ಮೇಲೆ ಎಲ್ಲರಿಗೂ ಹೊಯ್ದು ಕೊಟ್ಟು ಕೊನೆಗೆ ತಾನು ಕೂರಬೇಕು. ಅಷ್ಟು ಹೊತ್ತಿಗೆ ಆಸೆ ಸತ್ತಿರುತ್ತದೆ, ಇಲ್ಲವೇ ತಲೆಯಲ್ಲಿ ಕೂತುಬಿಟ್ಟಿರುತ್ತದೆ. 97, 68 ಅನ್ನುವ ಅಂತರದಲ್ಲಿ ಇದೂ ಸ್ವಲ್ಪ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮಮ್ಮನ ಕಾಲದಲ್ಲಿ ಒಬ್ಬಳೇ ಹೆಂಗಸು ಹೋಟೆಲಿಗೆ ಹೋಗಿ ಕೂರುವ ಹಾಗೇ ಇರಲಿಲ್ಲ. ಹಳೆಯ ಹೋಟೆಲುಗಳಲ್ಲಿ ಫ್ಯಾಮಿಲಿ ರೂಂ ಅಂತ ಬೋರ್ಡ್, ಅದಕ್ಕೊಂದು ಪರದೆ. ಗಂಡ ಜೊತೆಗಿದ್ದರೆ ಮಾತ್ರ ಪರದೆಯ ಆಚೆ ಪ್ರವೇಶ. ಮಿಲಿಟರಿ ಹೋಟೆಲ್ ಕಡೆಗಂತೂ ತಲೆ ಹಾಕಿ ಮಲಗುವ ಹಾಗಿರಲಿಲ್ಲ. ಹಾಗಾಗಿ ಹೆಂಗಸರ ಚಪಲ ಅಂದರೆ ಮನೆಯಲ್ಲಿ ಇದ್ದದ್ದೇ: ಹುಣಸೆಹಣ್ಣು, ಬೆಲ್ಲ, ಉಪ್ಪಿನಕಾಯಿ ಜಾಡಿ, ಕೊಬ್ಬರಿ ಚೂರು. ಹೆಂಗಸರಿಗೆ ಹುಳಿ ಇಷ್ಟ ಅನ್ನುವ ಮಾತಿನ ಹಿಂದೆ ಇದೂ ಇದೆ. ಕೈಗೆಟುಕಿದ್ದು ಅದೊಂದೇ.

ನಾಟಿಕೋಳಿ ಸಾರು, ಮಂಡ್ಯ

ಅಕ್ಕ ಹೇಳಿದ್ದು ಮನಸ್ಸಿಗೆ ನಾಟಿತು.

ನಮ್ಮಪ್ಪ ಬಾಯಿಬಿಟ್ಟು ಇಂಥದ್ದು ಬೇಕು ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕೋಳಿ ಕೊಯ್ದ ದಿನ ಅಮ್ಮ ಸೌಟಿನಲ್ಲಿ ತಡಕಿ ಲಿವರ್ ತುಂಡು ಎತ್ತಿ ಮೊದಲು ಅಪ್ಪನ ತಟ್ಟೆಗೆ ಹಾಕೋರು. ಆಮೇಲೆ ಕಾಲು ನಮಗೆ. ಅಮ್ಮನ ತಟ್ಟೆಗೆ ಕತ್ತು, ರೆಕ್ಕೆ, ಸಾರು. ಅಮ್ಮನಿಗೆ ಮಾಂಸ ಅಷ್ಟಕ್ಕಷ್ಟೇ ಅಂತಲೇ ನಾವೆಲ್ಲ ನಂಬಿದ್ದೆವು. ಅಮ್ಮ ಚಿಕ್ಕವಳಿದ್ದಾಗ ಲಿವರ್ ತುಂಡಿಗಾಗಿ ಅಣ್ಣಂದಿರ ಜೊತೆ ಕಿತ್ತಾಡುತ್ತಿದ್ದಳು ಅಂತ ಸೋದರಮಾವ ಒಂದು ಹಬ್ಬದಲ್ಲಿ ಹೇಳಿದಾಗ ಮನೆಯವರೆಲ್ಲ ಅವರ ಮುಖ ನೋಡಿದೆವು. ಅಮ್ಮ, ಬಿಡು ಅದೆಲ್ಲ ಈಗ್ಯಾಕೆ ಅಂದರು.

ಗಂಡಸರಿಗೆ ಮಾಂಸದ ಆಸೆ, ಹೆಂಗಸರಿಗೆ ಇಲ್ಲ ಅನ್ನುವವರು ಮೊದಲು ಯಾರ ತಟ್ಟೆಗೆ ಏನು ಬೀಳುತ್ತಿದೆ ಅಂತ ನೋಡಲಿ.

ಓದುಗಿತ್ತಿ, ಧಾರವಾಡ

ಇದಕ್ಕೆ ಸೇರಿಸುವ ಮಾತು ಒಂದಿದೆ. 2003ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಗಂಡಸರು ಮನಸ್ಸಿಗೆ ಹಿತ ಕೊಡುವುದು ಬಿಸಿ ಊಟ ಅಂದಿದ್ದರು, ಹೆಂಗಸರು ಚಾಕೊಲೇಟ್, ಐಸ್‌ಕ್ರೀಂ ಅಂದಿದ್ದರು. ಊಟ ಅಂದರೆ ಗಂಡಸಿಗೆ ಯಾರೋ ಮಾಡಿ ಬಡಿಸುವಂಥದ್ದು, ಹೆಂಗಸಿಗೆ ತಾನೇ ಮಾಡಬೇಕಾದ ಕೆಲಸ, ಅದಕ್ಕೇ ಈ ವ್ಯತ್ಯಾಸ ಇರಬಹುದು ಅಂತ ಬರೆದಿದ್ದರು. ವಿವರಣೆ ನನಗೂ ಒಪ್ಪಿಗೆ. ಆದರೆ ಅದನ್ನು ಬರೆದವರಲ್ಲಿ ಮುಖ್ಯರಾದ ಬ್ರಿಯಾನ್ ವಾನ್‌ಸಿಂಕ್ ಅವರ ಸಂಶೋಧನೆಗಳಲ್ಲಿ ಅಕ್ರಮ ನಡೆದಿದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯವೇ 2018ರಲ್ಲಿ ಹೇಳಿತು. ಹಾಗಾಗಿ ಆ ಅಂಕಿಗಳ ಮೇಲೆ ನಾನು ಭಾರ ಹಾಕುವುದಿಲ್ಲ. ಮಂಡ್ಯದ ಅಣ್ಣ ಬರೆದ ತಟ್ಟೆಯ ಮೇಲೆ ಹಾಕುತ್ತೇನೆ.

ಕಡಲಕಡೆ, ಉಡುಪಿ

ಹೆಂಗಸು ಬಾಯಿಬಿಟ್ಟು ಕೇಳಬಹುದಾದ ಕಾಲ ಒಂದೇ, ಬಸುರಿಯಾದಾಗ. ನಮ್ಮ ಕಡೆ ಬಯಕೆ ಮದುವೆ ಅಂತಲೇ ಮಾಡುತ್ತಾರೆ. ಮಡಿಲು ತುಂಬಿಸಿ, ಎಲೆ ತುಂಬ ಬಗೆಬಗೆಯ ತಿಂಡಿ ಬಡಿಸಿ ಕೂರಿಸುತ್ತಾರೆ. ನನ್ನ ಚೊಚ್ಚಲ ಬಸಿರಿನಲ್ಲಿ ನನಗೆ ಬೇಕಾಗಿದ್ದು ಹಲಸಿನಕಾಯಿ ಹಪ್ಪಳ, ಅದೂ ಕೆಂಡದಲ್ಲಿ ಸುಟ್ಟದ್ದು. ಅತ್ತೆಯವರೇ ಸುಟ್ಟು ಕೊಟ್ಟರು. ಅದಕ್ಕೆ ಮುಂಚೆಯೂ ಯಾರೂ ಕೇಳಿರಲಿಲ್ಲ, ಹೆರಿಗೆ ಆದ ಮೇಲೂ ಯಾರೂ ಕೇಳಲಿಲ್ಲ.

ಜೋಳದ ಹೊಲ, ಗದಗ

ನಮ್ಮ ಕಡೆ ಕುಬಸ. ತವರಿನವರು, ಬೀಗರು, ಓಣಿಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ. “ಏನ್ ತಿನ್ಬೇಕನಸ್ತದವಾ ನಿನಗ?” ಅಂತ ಕೇಳಿದವರೇ ಕೇಳಿದವರು. ತಿಂಗಳು ತಿಂಗಳಿಗೂ ಬಸುರಿಯ ಬಯಕೆ ಕೇಳುವ ಹಾಡುಗಳು ನಮ್ಮ ಜನಪದದಲ್ಲಿ ಎಷ್ಟೊಂದಿವೆ. ಒಳ್ಳೆಯ ಪದ್ಧತಿಯೇ. ಆದರೆ ಉಡುಪಿಯ ಅಕ್ಕ ಹೇಳಿದ ಹಾಗೆ ಕೇಳುವುದು ಆಗ ಮಾತ್ರ, ಆ ಒಂಬತ್ತು ತಿಂಗಳಲ್ಲೂ ಹೊಟ್ಟೆಯಲ್ಲಿರುವ ಮಗುವಿಗೆ ಬೇಕು ಅಂತಲೇ ಕೊಡುತ್ತಾರೆ. ಅವಳಿಗೇ ಬೇಕು ಅಂತ ಅಲ್ಲ.

ತವರಿನ ಕಂಪು, ನ್ಯೂಜೆರ್ಸಿ

ಓದುಗಿತ್ತಿ ಅವರು ಹೇಳಿದ 2017ರ ಅಧ್ಯಯನ ನಮ್ಮ ಮನೆಯೊಳಗೇ ಇದೆ. ನಾನು ಶಿರಸಿ ಕಡೆಯವಳು. ಮುಟ್ಟಿನ ದಿನ ನನಗೆ ಅಪ್ಪೆಮಿಡಿ ಉಪ್ಪಿನಕಾಯಿ, ಮೊಸರನ್ನ ಆದರೆ ಸಾಕು. ಊರಿಂದ ಬಂದವರು ತಂದುಕೊಟ್ಟ ಬಾಟಲಿ ಫ್ರಿಜ್‌ನಲ್ಲಿ ಹಿಂದೆ ಇಟ್ಟು ಕಾಪಾಡುತ್ತೇನೆ. ಇಲ್ಲೇ ಹುಟ್ಟಿದ ಮಗಳಿಗೆ ಬ್ಯಾಗಿನಲ್ಲಿ ಚಾಕೊಲೇಟ್ ಇರಲೇಬೇಕು. ಗೆಳತಿಯರು, ಟಿವಿ, ಅಂಗಡಿಯ ಜಾಹೀರಾತು, ಎಲ್ಲ ಕಡೆ ಅದೇ ಮಾತು ಕೇಳಿ ಬೆಳೆದವಳು. ನನ್ನ ಉಪ್ಪಿನಕಾಯಿ ಅವಳಿಗೆ ವಾಸನೆಗೇ ಆಗುವುದಿಲ್ಲ.

ಪಿಎಚ್‌ಸಿ ಸಿಸ್ಟರ್, ರಾಯಚೂರು ಜಿಲ್ಲೆ

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಸಿಹಿ, ಹುಳಿ, ಖಾರದ ಮಾತು ಆಯಿತು. ಯಾರೂ ಹೇಳದ ಇನ್ನೊಂದು ಆಸೆ ಇದೆ, ಹೇಳಿಕೊಳ್ಳಲು ನಾಚಿಕೆ ಪಡುವಂಥದ್ದು. ಬಳಪ, ಕೆಮ್ಮಣ್ಣು, ಗೋಡೆಯ ಸುಣ್ಣ, ಒಲೆಯ ಮಣ್ಣು, ಇದ್ದಿಲು, ವಿಭೂತಿ ಗಟ್ಟಿ, ಹಸಿ ಅಕ್ಕಿ, ಈಗೀಗ ಫ್ರಿಜ್ಜಿನ ಐಸ್. ಬಸುರಿಯರ ತಪಾಸಣೆಯಲ್ಲಿ ಊಟದ ಬಗ್ಗೆ ಕೇಳಿದರೆ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಜೊತೆಗೆ ಬಂದವರನ್ನು ಆಚೆ ಕಳಿಸಿ ಕೇಳಿದರೆ ತಲೆ ತಗ್ಗಿಸುತ್ತಾರೆ. ಒಬ್ಬಳು ಸೆರಗಿನ ಗಂಟು ಬಿಚ್ಚಿ ಬಳಪದ ಚೂರು ತೋರಿಸಿದಳು. ಚೂರುಗಳ ತುದಿಯೆಲ್ಲ ಹಲ್ಲಿನಿಂದ ಕಡಿದು ಮೊಂಡಾಗಿದ್ದವು.

ದಯವಿಟ್ಟು ಇದನ್ನು ಚಪಲ ಅಂತ ತಳ್ಳಿಹಾಕಬೇಡಿ. ಇಂಥ ಆಸೆಗೂ ಕಬ್ಬಿಣಾಂಶದ ಕೊರತೆಗೂ ಗಟ್ಟಿ ಸಂಬಂಧ ಇದೆ, ಅದರಲ್ಲೂ ಐಸ್ ಅಗಿಯುವ ಆಸೆಗೆ. ಕಬ್ಬಿಣದ ಚಿಕಿತ್ಸೆ ಶುರು ಮಾಡಿದ ಮೇಲೆ, ಹಿಮೋಗ್ಲೋಬಿನ್ ಪೂರ್ತಿ ಏರುವ ಮುಂಚೆಯೇ ಐಸ್ ಬೇಕು ಅನ್ನುವುದು ನಿಂತುಹೋಗುವುದುಂಟು.

ಗಂಡು-ಹೆಣ್ಣಿನ ನಿಜವಾದ ಅಂತರ ಇರುವುದು ಇಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 25%. ಕರ್ನಾಟಕದಲ್ಲಿ ಹೆಂಗಸರಲ್ಲಿ ಸುಮಾರು 48%, ಗಂಡಸರಲ್ಲಿ ಸುಮಾರು 20%. ತಿಂಗಳು ತಿಂಗಳು ರಕ್ತ ಹೋಗುತ್ತದೆ, ಬಸಿರು ಬಾಣಂತನ ಬರುತ್ತದೆ, ತಿನ್ನುವುದು ಕೊನೆಯಲ್ಲಿ ಉಳಿದದ್ದು. ಅದರ ಮೇಲೆ ಊಟ ಆದ ತಕ್ಷಣ ಚಹಾ. ಊಟದಲ್ಲಿದ್ದ ಕಬ್ಬಿಣವನ್ನು ಮೈ ಚೆನ್ನಾಗಿ ಹೀರಿಕೊಳ್ಳಲು ಚಹಾ ಬಿಡುವುದಿಲ್ಲ. ಮಣ್ಣು ತಿಂದರೆ ಇನ್ನೂ ಕಷ್ಟ. ಜಂತುಹುಳದ ಮೊಟ್ಟೆ, ಸೀಸ ಹೊಟ್ಟೆಗೆ ಹೋಗಬಹುದು, ಇರುವ ಕಬ್ಬಿಣವನ್ನೂ ಮಣ್ಣು ಹಿಡಿದುಕೊಂಡುಬಿಡಬಹುದು.

ಗಂಡಸರೂ ಕೇಳಿ. ಐಸ್, ಮಣ್ಣು, ಸುಣ್ಣದ ಆಸೆ ಗಂಡಸಿಗೆ ಬಂದರೆ ಇನ್ನೂ ಬೇಗ ಡಾಕ್ಟರ ಹತ್ತಿರ ಹೋಗಬೇಕು. ಅವರಿಗೆ ತಿಂಗಳ ರಕ್ತಸ್ರಾವ ಇಲ್ಲವಲ್ಲ, ಕಬ್ಬಿಣ ಎಲ್ಲಿಂದ ಸೋರುತ್ತಿದೆ ಅಂತ ಹುಡುಕಬೇಕು. ಮೂಲವ್ಯಾಧಿ ಇರಬಹುದು, ಹೊಟ್ಟೆಯ ಹುಣ್ಣು ಇರಬಹುದು, ಕೆಲವೊಮ್ಮೆ ಅದಕ್ಕಿಂತ ದೊಡ್ಡದೂ ಇರಬಹುದು.

ಮಂಡ್ಯದ ಅಣ್ಣನಿಗೆ ಒಂದು ಮಾತು. ನಿಮ್ಮಮ್ಮ ಅಪ್ಪನ ತಟ್ಟೆಗೆ ಹಾಕುತ್ತಿದ್ದ ಆ ಲಿವರ್ ತುಂಡಿನಲ್ಲೇ ಮೈ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣ ಧಾರಾಳವಾಗಿ ಇರುವುದು. ಹೆಂಗಸರ ತಟ್ಟೆಗೂ ಬೀಳಲಿ. ಬಸುರಿಯರಿಗೆ ಮಾತ್ರ ಲಿವರ್ ಬೇಡ. ಅದರಲ್ಲಿ ವಿಟಮಿನ್ ಎ ಅತಿಯಾಗಿರುತ್ತದೆ, ಮಗುವಿಗೆ ಒಳ್ಳೆಯದಲ್ಲ.

ನಾಟಿಕೋಳಿ ಸಾರು, ಮಂಡ್ಯ

ಧನ್ಯವಾದ ಸಿಸ್ಟರ್. ಅಮ್ಮನ ರಕ್ತ ಪರೀಕ್ಷೆ ಮಾಡಿಸಿ ವರ್ಷಗಳೇ ಆಗಿವೆ. ಈ ವಾರವೇ ಕರೆದುಕೊಂಡು ಹೋಗುತ್ತೇನೆ.

ಹುಣಸೆತೋಪು, ಮೈಸೂರು

ಹಿಮೋಗ್ಲೋಬಿನ್ ಎಷ್ಟಿದ್ದರೆ ಸರಿ ಅಂತಲೂ ಬರೆದುಬಿಡಿ ಸಿಸ್ಟರ್.

ಪಿಎಚ್‌ಸಿ ಸಿಸ್ಟರ್, ರಾಯಚೂರು ಜಿಲ್ಲೆ

ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13. ಇದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಯರಿಗೆ ಸರ್ಕಾರದ ಕೆಂಪು ಬಣ್ಣದ ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಪುಕ್ಕಟೆ. ರಕ್ತಹೀನತೆ ಆಗಲೇ ಇದ್ದರೆ ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರ ಅಕ್ಟೋಬರ್‌ನಿಂದ ಇದೆ. ಬಸುರಿ, ಬಾಣಂತಿಯರಿಗಾಗಿಯೇ ಮಾಡಿದ್ದು. ಮನೆಯಲ್ಲಿ ಕೊನೆಗೆ ಕೂರುವವರು ಅಲ್ಲಾದರೂ ಹೊಟ್ಟೆ ತುಂಬ ಉಣ್ಣಲಿ ಅಂತ ನನ್ನ ಆಸೆ.

ಅಮ್ಮ ಒಬ್ಬಳು, ದಾವಣಗೆರೆ

ಹೆಸರು ಹೇಳದೆ ಕೇಳುತ್ತಿದ್ದೇನೆ. ನನ್ನ ಮಗಳಿಗೆ ಹದಿನಾರು, ಹಾಸ್ಟೆಲಿನಲ್ಲಿ ಇದ್ದಾಳೆ. ರಜಕ್ಕೆ ಬಂದಾಗಲೆಲ್ಲ ಅಕ್ಕಿ ಡಬ್ಬದಿಂದ ಮುಷ್ಟಿ ಮುಷ್ಟಿ ಹಸಿ ಅಕ್ಕಿ ತಿನ್ನುತ್ತಾಳೆ. ಬೈದರೆ ಕದ್ದು ತಿನ್ನುತ್ತಾಳೆ. ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತೆ ಅಂತ ನಮ್ಮತ್ತೆ ರೇಗಿಸುತ್ತಾರೆ ಅಷ್ಟೇ. ಅವಳಿಗೆ ಸುಸ್ತು ಬೇರೆ, ಮೆಟ್ಟಿಲು ಹತ್ತಿದರೆ ಏದುಸಿರು. ಓದಿನ ಒತ್ತಡ ಅಂದುಕೊಂಡಿದ್ದೆ. ಇದೂ ಅದೇನಾ ಸಿಸ್ಟರ್?

ಪಿಎಚ್‌ಸಿ ಸಿಸ್ಟರ್, ರಾಯಚೂರು ಜಿಲ್ಲೆ

ಅಮ್ಮಾ, ಅದೇ ಇರಬಹುದು. ಬೈಯಬೇಡಿ. ಬೈದರೆ ಬಚ್ಚಿಡುವುದನ್ನು ಕಲಿಯುತ್ತಾಳೆ ಅಷ್ಟೇ, ಆಸೆ ಹೋಗುವುದಿಲ್ಲ.

ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಫೆರಿಟಿನ್ ಕೂಡ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯಲ್ಲಿನ ಕಬ್ಬಿಣದ ದಾಸ್ತಾನು ಖಾಲಿ ಆಗಿರಬಹುದು, ಅದು ಫೆರಿಟಿನ್‌ನಲ್ಲಿ ಗೊತ್ತಾಗುತ್ತದೆ. ಮುಟ್ಟಿನಲ್ಲಿ ತುಂಬ ಹೋಗುತ್ತದಾ ಅಂತ ನೀವೇ ಮೆತ್ತಗೆ ಕೇಳಿ, ಡಾಕ್ಟರಿಗೂ ಹೇಳಿ. ಶಾಲೆ-ಕಾಲೇಜುಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮ ಇದೆ. ಅವಳಿಗೆ ಸಿಗುತ್ತಿದೆಯಾ, ಸಿಕ್ಕರೆ ನುಂಗುತ್ತಿದ್ದಾಳಾ ವಿಚಾರಿಸಿ. ವಾಕರಿಕೆ ಬರುತ್ತದೆ ಅಂತ ಎಸೆಯುವ ಮಕ್ಕಳು ಬಹಳ. ಜಂತುಹುಳದ ಮಾತ್ರೆ ತೆಗೆದುಕೊಂಡು ಎಷ್ಟು ದಿನ ಆಯಿತು ಅಂತಲೂ ಕೇಳಿ.

ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದರೆ ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆ ಜೊತೆ ಕೊಡಬೇಡಿ. ನಿಂಬೆ ಶರಬತ್ತಿನ ಜೊತೆ ಕೊಡಿ, ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆ ತೊಳೆಸಿದರೆ ರಾತ್ರಿ ಮಲಗುವ ಮುಂಚೆ ಕೊಟ್ಟು ನೋಡಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಸುಸ್ತು ಕಡಿಮೆ ಆಯ್ತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.

ಅಮ್ಮ ಒಬ್ಬಳು, ದಾವಣಗೆರೆ

ಸರಿ ಸಿಸ್ಟರ್. ಶನಿವಾರ ಹಾಸ್ಟೆಲಿಗೆ ಹೋಗಿ ಕರೆದುಕೊಂಡು ಬರುತ್ತೇನೆ, ಸೋಮವಾರ ಬೆಳಿಗ್ಗೆ ರಕ್ತ ಕೊಡಿಸುತ್ತೇನೆ.